ನಿವೃತ್ತರ ಔಷಧೋಪಚಾರ: ಸರಕಾರ ಬಿಟ್ಟ ಸಂದಿಯಲ್ಲಿ ಕಂಪನಿಗಳ ಅಂಗಡಿ

ಮೂವತ್ತು ಮೂವತ್ತೈದು ವರ್ಷ ಸರಕಾರದ ಚಾಕರಿ ಮಾಡಿ ಅರವತ್ತಕ್ಕೆ ಮನೆಗೆ ಬಂದ ಮನುಷ್ಯನಿಗೆ ಕಾಯಿಲೆ ಬಿದ್ದರೆ ಈ ರಾಜ್ಯ ಎಷ್ಟರ ಮಟ್ಟಿಗೆ ಆಧಾರವಾಗಿ ನಿಲ್ಲುತ್ತದೆ? ಲಕ್ಷ್ಮೇಶ್ವರದ ಯಾವ ಓಣಿಯಲ್ಲಿ ಕೇಳಿದರೂ ಉತ್ತರ ಒಂದೇ ಬರುತ್ತದೆ: ಐದು ಲಕ್ಷ. ಕಾರ್ಡು ಮಾಡಿಸಿಕೊಂಡವರೂ ಹಾಗೆಯೇ ಹೇಳುತ್ತಾರೆ, ಮಾಡಿಸದವರೂ ಹಾಗೆಯೇ ಹೇಳುತ್ತಾರೆ, ಮನೆ ಮನೆಗೆ ತಿರುಗುವ ವಿಮಾ ಏಜಂಟರಂತೂ ಅದನ್ನೇ ಮಂತ್ರ ಮಾಡಿಕೊಂಡಿದ್ದಾರೆ. "ಸರಕಾರದ್ದು ಐದ ಲಕ್ಷ ಐತಿ. ಅದರ ಮ್ಯಾಲೆ ನಮ್ಮದು ಹತ್ತ ಲಕ್ಷ. ಇನ್ನ ಚಿಂತಿ ಯಾಕ್ರಿ ಮಾಸ್ತರ?"

ಚಿಂತೆಗೆ ಕಾರಣವಿದೆ. ಈ ಮಾತಿನ ಮೊದಲರ್ಧವೂ ಪೂರ್ತಿ ನಿಜವಲ್ಲ, ಎರಡನೆಯರ್ಧವೂ ನಿಜವಲ್ಲ. ಎರಡರ ನಡುವಿನ ಸಂದಿಯಲ್ಲಿ ನಮ್ಮ ನಿವೃತ್ತ ಶಿಕ್ಷಕರು, ಗುಮಾಸ್ತರು, ತಲಾಟಿಗಳು, ನರ್ಸಬಾಯಿಗಳು ಬೀಳುತ್ತಿದ್ದಾರೆ. ಕಣ್ಣು ತೆರೆದು ಬೀಳಲಿ ಎಂದಲ್ಲ, ಬೀಳಬಾರದು ಎಂದೇ ನಾವು ಈ ಲೆಕ್ಕವನ್ನು ಬಿಡಿಸಿ ಇಡುತ್ತಿದ್ದೇವೆ.

ಮೊದಲು ಸರಕಾರದ ಲೆಕ್ಕ. 2018ರ ಮಾರ್ಚಿನಲ್ಲಿ ಆರೋಗ್ಯ ಕರ್ನಾಟಕ ಯೋಜನೆ ಬಂತು. ಅದೇ ವರ್ಷದ ಕೊನೆಗೆ ಕೇಂದ್ರದ ಆಯುಷ್ಮಾನ್ ಭಾರತವನ್ನು ಇದಕ್ಕೆ ಕೂಡಿಸಿ ಒಂದೇ ಯೋಜನೆ ಮಾಡಿದರು. ಬಡತನ ರೇಖೆಗಿಂತ ಕೆಳಗಿನ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ. ಸರಿ, ಅದು ಆಗಲೇಬೇಕಾದ ಕೆಲಸ. ಆದರೆ ಪೆನ್ಶನ್ ಪಡೆಯುವ ಶಾಲಾಮಾಸ್ತರನ ಕೈಗೆ ಬಡತನ ರೇಖೆಯ ಕೆಳಗಿನ ಕಾರ್ಡು ಬರುವುದಿಲ್ಲ. ಅವನು ರೇಖೆಯ ಮೇಲಿನವನು. ಮೇಲಿನವರಿಗೆ ಆ ಯೋಜನೆ ಕೊಡುವುದು ಗೊತ್ತುಪಡಿಸಿದ ಪ್ಯಾಕೇಜು ದರದ ನೂರಕ್ಕೆ 30ರಷ್ಟು, ಅದೂ ಇಡೀ ಕುಟುಂಬಕ್ಕೆ ವರ್ಷಕ್ಕೆ ಒಂದೂವರೆ ಲಕ್ಷ ಮೀರದಂತೆ. ಉಳಿದ 70 ಪಾಲು ರೋಗಿಯದು. ಐದು ಲಕ್ಷ ಎಂಬುದು ಇವನ ಮಟ್ಟಿಗೆ ಪಕ್ಕದ ಮನೆಯ ಹಬ್ಬದ ಅಡಿಗೆಯ ವಾಸನೆ ಅಷ್ಟೇ.

ಆಮೇಲೆ 2024ರ ಅಕ್ಟೋಬರ 29ರಂದು ದೆಹಲಿಯಲ್ಲಿ ಇನ್ನೊಂದು ಘೋಷಣೆ ಆಯಿತು. ಎಪ್ಪತ್ತು ತುಂಬಿದ ಯಾರೇ ಇರಲಿ, ಆದಾಯ ನೋಡದೆ, ವಯ ವಂದನಾ ಎಂಬ ಕಾರ್ಡಿನ ಮೇಲೆ 5 ಲಕ್ಷದ ರಕ್ಷಣೆ. ಹೆಸರು ಚೆನ್ನಾಗಿದೆ. ಆದರೆ ನಮ್ಮ ರಾಜ್ಯದ ನೌಕರನು ನಿವೃತ್ತನಾಗುವುದು ಅರವತ್ತಕ್ಕೆ. ವಂದನೆ ಸಲ್ಲುವುದು ಎಪ್ಪತ್ತಕ್ಕೆ. ನಡುವಿನ ಹತ್ತು ವರ್ಷ ಅವನು ಯಾರ ಮನೆಯ ಅತಿಥಿ? ಸಕ್ಕರೆ ಕಾಯಿಲೆ, ರಕ್ತದೊತ್ತಡ, ಮೊಣಕಾಲು ನೋವು, ಕಣ್ಣಿನ ಪೊರೆ, ಎದೆಯ ನೋವು, ಇವೆಲ್ಲ ಎಪ್ಪತ್ತರ ತನಕ ಬಾಗಿಲ ಹೊರಗೆ ಕಾದು ನಿಲ್ಲುತ್ತವೆಯೇ?

ಸೇವೆಯಲ್ಲಿ ಇರುವವನ ಸ್ಥಿತಿ ನೋಡಿರಿ. 2025ರ ಅಕ್ಟೋಬರದಿಂದ ಕರ್ನಾಟಕ ಆರೋಗ್ಯ ಸಂಜೀವಿನಿ ಎಂಬ ನಗದುರಹಿತ ಚಿಕಿತ್ಸಾ ಯೋಜನೆ ರಾಜ್ಯದ ನೌಕರರಿಗೆ ಜಾರಿಯಾಯಿತು. ದರ್ಜೆಗೆ ತಕ್ಕಂತೆ ಪ್ರತಿ ತಿಂಗಳ ಪಗಾರದಿಂದ ವಂತಿಗೆ ಕಡಿಯುತ್ತಾರೆ, ನೌಕರನಿಗೂ ಅವನನ್ನು ನೆಚ್ಚಿದವರಿಗೂ ಚಿಕಿತ್ಸೆ ಸಿಗುತ್ತದೆ. ಇದನ್ನು ನಾವು ಸ್ವಾಗತಿಸುತ್ತೇವೆ. ಆದರೆ ಮೈಯಲ್ಲಿ ಕಸುವು ಇರುವ ತನಕ ರಕ್ಷಣೆ, ಕಸುವು ಕುಂದಿದ ದಿನ ಕೈಬಿಡುವುದು, ಇದು ಯಾವ ಸೀಮೆಯ ನ್ಯಾಯ? ಎತ್ತು ಮುದಿಯಾದರೂ ನಮ್ಮ ರೈತ ಅದಕ್ಕೆ ಹಿಡಿ ಮೇವು ಹಾಕುತ್ತಾನೆ. ಪಗಾರ ನಿಂತ ದಿನವೇ ವಂತಿಗೆಯೂ ನಿಂತು, ಅದರ ಸಂಗಡ ಹಕ್ಕೂ ನಿಲ್ಲುವ ಈ ಏರ್ಪಾಡನ್ನು ಬರೆದವರು ತಾವೂ ಒಂದು ದಿನ ಅರವತ್ತು ಮುಟ್ಟುವವರೇ.

ಕೇಂದ್ರ ಸರಕಾರದ ಪೆನ್ಶನ್ದಾರರ ಕಥೆ ಬೇರೆ. ಲಕ್ಷ್ಮೇಶ್ವರದಂಥ ಊರಲ್ಲಿ ಅವರ ಸಿ.ಜಿ.ಎಚ್.ಎಸ್. ದವಾಖಾನೆ ಇಲ್ಲ. ಅಂಥ ಕಡೆ ಇರುವ ಅಂಚೆ ಇಲಾಖೆಯ ನಿವೃತ್ತನಿಗೆ ತಿಂಗಳಿಗೆ 1000 ರೂಪಾಯಿ ವೈದ್ಯಕೀಯ ಭತ್ತೆ, 2017ರ ಜುಲೈಯಿಂದ ಗೊತ್ತಾದ ಮೊತ್ತ. ರೇಲ್ವೆಯಿಂದ ನಿವೃತ್ತರಾದವರಿಗೆ ಹುಬ್ಬಳ್ಳಿಯಲ್ಲಿ ತಮ್ಮದೇ ಆಸ್ಪತ್ರೆ ಇದೆ, ಗುಳಿಗೆಯೂ ಅಲ್ಲಿಯೇ ಸಿಗುತ್ತದೆ. ಎಲ್ಲಕ್ಕಿಂತ ನಮ್ಮ ಗಮನ ಸೆಳೆಯುವುದು ಕಾರ್ಖಾನೆಯ ಕಾರ್ಮಿಕನ ಇ.ಎಸ್.ಐ. ಕನಿಷ್ಠ ಐದು ವರ್ಷ ಈ ವಿಮೆಗೆ ಒಳಪಟ್ಟ ನೌಕರಿ ಮಾಡಿ ವಯಸ್ಸಿನಿಂದ ನಿವೃತ್ತನಾದವನು ವರ್ಷಕ್ಕೆ 120 ರೂಪಾಯಿ ಕಟ್ಟಿದರೆ ಅವನಿಗೂ ಅವನ ಹೆಂಡತಿಗೂ ವೈದ್ಯಕೀಯ ನೆರವು ಮುಂದುವರಿಯುತ್ತದೆ. ತಿಂಗಳಿಗೆ ಹತ್ತು ರೂಪಾಯಿ! 1948ರ ಕಾಯಿದೆಯಿಂದ ಹುಟ್ಟಿ, 1952ರಲ್ಲಿ ಕಾನಪುರದಲ್ಲಿ ಆರಂಭವಾದ ಯೋಜನೆ ಇದು. ಅದರ ದವಾಖಾನೆಗಳಲ್ಲಿ ಕೊರತೆಗಳು ಬೇಕಾದಷ್ಟಿವೆ, ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ನಿವೃತ್ತನ ವಂತಿಗೆಯನ್ನು ಹಗುರವಾಗಿಟ್ಟು ಅವನನ್ನು ಒಳಗೇ ಉಳಿಸಿಕೊಳ್ಳುವುದು ಸಾಧ್ಯವೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಏತಕ್ಕೆ?

ಈಗ ಕಂಪನಿಗಳ ಅಂಗಡಿಗೆ ಬರೋಣ. ಅವರು ಮಾರುವ ಮೇಲುವಿಮೆಗೆ ಸೂಪರ್ ಟಾಪ್ಅಪ್ ಎಂದು ಹೆಸರು. ಅದರ ಹೂರಣ ಇಷ್ಟು: ವರ್ಷದಲ್ಲಿ ಇಂತಿಷ್ಟು ಮೊತ್ತದ ತನಕ ಆಸ್ಪತ್ರೆಯ ಖರ್ಚನ್ನು ನೀವು ನೋಡಿಕೊಳ್ಳಿರಿ, ಅದರಾಚೆಗಿನದನ್ನು ನಾವು ಕೊಡುತ್ತೇವೆ. ಆ ಗೆರೆಯನ್ನು 5 ಲಕ್ಷಕ್ಕೆ ಎಳೆದರೆ ಕಂತು ಅಗ್ಗವಾಗುತ್ತದೆ, ಅಗ್ಗವಾದದ್ದರಿಂದ ಬೇಗ ಮಾರಾಟವಾಗುತ್ತದೆ. ನಾವು ಶಾಲೆಯ ಹಲಗೆಯ ಮುಂದೆ ನಿಂತು ಬಂದವರು, ಒಂದು ಲೆಕ್ಕ ಬಿಡಿಸದೆ ಮುಂದಕ್ಕೆ ಹೋಗಲಾರೆವು. ರೇಖೆಯ ಮೇಲಿನ ಕಾರ್ಡಿನ 64 ವರ್ಷದ ಒಬ್ಬ ನಿವೃತ್ತನಿಗೆ ಶಸ್ತ್ರಕ್ರಿಯೆ ಆಗಬೇಕೆಂದು ಹಿಡಿಯಿರಿ. ಪ್ಯಾಕೇಜು ದರ 1,20,000 ಎಂದು ಇಟ್ಟುಕೊಳ್ಳೋಣ. ಸರಕಾರದ 30 ಪಾಲು 36,000 ಆಯಿತು. ಉಳಿದ 84,000 ಯಾರು ಕೊಡಬೇಕು? ಟಾಪ್ಅಪ್ ಕಂಪನಿಯೇ? ಅದರ ಗೆರೆ ಇರುವುದು 5 ಲಕ್ಷದ ಮೇಲೆ. ಈ ಬಿಲ್ಲು ಆ ಗೆರೆಯ ಹತ್ತಿರವೂ ಸುಳಿಯುವುದಿಲ್ಲ. ತೂತು ಬಿದ್ದಿರುವುದು ಕೊಡದ ತಳಕ್ಕೆ, ಇವರು ಬೆಸುಗೆ ಹಾಕಿಕೊಡುವುದು ಅದರ ಬಾಯಿಗೆ. 84,000 ರೂಪಾಯಿಯನ್ನು ಆ ಮನುಷ್ಯ ಹೆಂಡತಿಯ ಬಳೆ ಒತ್ತೆಯಿಟ್ಟೇ ತರಬೇಕು, ಕಂಪನಿಯ ಕಂತನ್ನು ಮಾತ್ರ ತಪ್ಪದೆ ಕಟ್ಟಿರಬೇಕು.

ಎಪ್ಪತ್ತು ದಾಟಿ, ಕಾರ್ಡು ಕೈಗೆ ಬಂದವನಿಗಾದರೂ ಈ ಲೆಕ್ಕ ಸರಿಹೋಗುತ್ತದೆಯೇ? ಅಲ್ಲಿಯೂ ಒಂದು ತೊಡಕಿದೆ. ಸರಕಾರದ ಐದು ಲಕ್ಷ ಎಂಬುದು ನೋಟಿನ ಕಟ್ಟಲ್ಲ, ಬೇಕಾದಲ್ಲಿಗೆ ಒಯ್ಯಲು ಬರುವುದಿಲ್ಲ. ಅದು ಯೋಜನೆಗೆ ಸೇರಿದ ಆಸ್ಪತ್ರೆಯಲ್ಲಿ, ಯೋಜನೆಯ ಪಟ್ಟಿಯಲ್ಲಿರುವ ಚಿಕಿತ್ಸೆಗೆ, ಯೋಜನೆಯ ದರದಲ್ಲಿ ಮಾತ್ರ ಜೀವಂತವಾಗಿರುತ್ತದೆ. ನಮ್ಮ ರಾಜ್ಯದಲ್ಲಿ ದೊಡ್ಡ ಚಿಕಿತ್ಸೆಗೆ ಖಾಸಗಿ ಆಸ್ಪತ್ರೆಗೆ ಹೋಗಬೇಕಾದರೆ, ತುರ್ತು ಪ್ರಸಂಗ ಬಿಟ್ಟರೆ, ಸರಕಾರಿ ದವಾಖಾನೆಯ ಶಿಫಾರಸು ಚೀಟಿ ಬೇಕು. ಮಗ ಗಾಬರಿಯಾಗಿ ಅಪ್ಪನನ್ನು ಪಟ್ಟಿಯಲ್ಲಿಲ್ಲದ ಆಸ್ಪತ್ರೆಗೆ ಹುಬ್ಬಳ್ಳಿಗೆ ಒಯ್ದನೆನ್ನಿ. ಆಗ ಸರಕಾರದ ಪಾಲು ಸೊನ್ನೆ. ಟಾಪ್ಅಪ್ ಗೆರೆಯ ಕೆಳಗಿನ ಮೊದಲ ಐದು ಲಕ್ಷವನ್ನು ಅವನೇ ಎಣಿಸಬೇಕು. ಸರಕಾರದ ಕಾರ್ಡಿನ ಮೇಲೆ ಕಂಪನಿಯ ಕಾಗದ ಮಹಡಿಯ ಮೇಲೆ ಮಹಡಿ ಕಟ್ಟಿದಂತೆ ಕೂತುಕೊಳ್ಳುತ್ತದೆ ಎಂಬುದು ಏಜಂಟರ ಚಿತ್ರ. ವಾಸ್ತವದಲ್ಲಿ ಅವು ಬೇರೆ ಬೇರೆ ಓಣಿಯಲ್ಲಿರುವ ಎರಡು ಮನೆಗಳು.

ಟಾಪ್ಅಪ್ ಬೇಡ, ಮೊದಲ ರೂಪಾಯಿಯಿಂದ ಕೊಡುವ ಪೂರ್ಣ ವಿಮೆಯನ್ನೇ ಕೊಳ್ಳೋಣ ಎಂದರೆ? ಅಲ್ಲಿ ಕಂತು ಭಾರ, ಷರತ್ತು ಅದಕ್ಕಿಂತ ಭಾರ. ಮೊದಲೇ ಇದ್ದ ಕಾಯಿಲೆಗೆ ಕಾಯುವ ಅವಧಿ ಎಂಬುದೊಂದಿದೆ. 2024ರ ಏಪ್ರಿಲ್ ತನಕ ಅದು 48 ತಿಂಗಳವರೆಗೆ ಇರಬಹುದಿತ್ತು, ಈಗ 36 ತಿಂಗಳು ಮೀರಬಾರದೆಂದು ನಿಯಂತ್ರಣ ಪ್ರಾಧಿಕಾರ ಹೇಳಿದೆ. ಅರವತ್ತೆರಡನೆಯ ವಯಸ್ಸಿಗೆ ಸಕ್ಕರೆ ಕಾಯಿಲೆ ಇಲ್ಲದವನು ನಮ್ಮ ಓಣಿಗೊಬ್ಬ ಸಿಕ್ಕಾನು. ಉಳಿದವರೆಲ್ಲ ಮೂರು ವರ್ಷ ಕಂತು ಕಟ್ಟುತ್ತ, ಆ ಕಾಯಿಲೆಯ ಹೆಸರಿನಲ್ಲಿ ಏನೂ ಕೇಳದೆ ಕೂಡಬೇಕು. ಪೊರೆ, ಹರ್ನಿಯಾ, ಮೊಣಕಾಲ ಕೀಲು, ಇವಕ್ಕೆ ಪ್ರತ್ಯೇಕ ಕಾಯುವಿಕೆ. ಹಿರಿಯರ ಪಾಲಿಸಿಗಳಲ್ಲಿ ಬಿಲ್ಲಿನ ಒಂದು ಪಾಲು, ಹಲವು ಕಡೆ ಐದರಲ್ಲೊಂದು ಪಾಲು, ರೋಗಿಯೇ ಕೊಡಬೇಕೆಂಬ ಸಹಪಾವತಿ. ಕೋಣೆಯ ಬಾಡಿಗೆಯ ಮಿತಿಯಂತೂ ಹಳ್ಳಿಯವರಿಗೆ ತಿಳಿಯದ ಬಲೆ. ದಿನಕ್ಕೆ 3000ದ ಕೋಣೆಗೆ ಮಾತ್ರ ಒಪ್ಪಿಗೆ ಇದ್ದು, ಬೇರೆ ಖಾಲಿ ಇಲ್ಲವೆಂದು 6000ದ ಕೋಣೆಯಲ್ಲಿ ಮಲಗಿಸಿದರೆ, ಕಂಪನಿ ಬರೇ ಬಾಡಿಗೆಯನ್ನು ಅರ್ಧಕ್ಕೆ ಇಳಿಸಿ ಬಿಡುವುದಿಲ್ಲ, ವೈದ್ಯರ ಫೀ, ಶಸ್ತ್ರಕ್ರಿಯಾ ಕೊಠಡಿಯ ಖರ್ಚು ಮುಂತಾದವನ್ನೂ ಅದೇ ಪ್ರಮಾಣದಲ್ಲಿ ಕಡಿಯಬಲ್ಲದು.

ಹಿರಿಯ ನಾಗರಿಕರ ಕಂತನ್ನು ವರ್ಷಕ್ಕೆ ನೂರಕ್ಕೆ ಹತ್ತಕ್ಕಿಂತ ಹೆಚ್ಚು ಏರಿಸಬೇಕಾದರೆ ಮೊದಲು ತನ್ನೊಡನೆ ಸಮಾಲೋಚಿಸಬೇಕೆಂದು 2025ರ ಜನವರಿಯಲ್ಲಿ ಪ್ರಾಧಿಕಾರ ಕಂಪನಿಗಳಿಗೆ ತಾಕೀತು ಮಾಡಿತು. ಪತ್ರಿಕೆಗಳು ಇದನ್ನು ದೊಡ್ಡ ಉಪಕಾರವೆಂಬಂತೆ ಬರೆದವು. ಹತ್ತರಂತೆ ಏರಿದರೂ ಇಂದಿನ 30,000 ಕಂತು ಎಂಟು ವರ್ಷದಲ್ಲಿ 64,000 ದಾಟುತ್ತದೆ. ಯಾವ ಪೆನ್ಶನ್ನು ಎಂಟು ವರ್ಷದಲ್ಲಿ ಹಾಗೆ ದುಪ್ಪಟ್ಟಾದದ್ದನ್ನು ನಮ್ಮ ವಾಚಕರು ಕಂಡಿದ್ದಾರೆ? ಭವಿಷ್ಯ ನಿಧಿಯ ಪೆನ್ಶನ್ದಾರನಿಗೆ 2014ರಲ್ಲಿ ಗೊತ್ತುಮಾಡಿದ ಕನಿಷ್ಠ ಮೊತ್ತ ತಿಂಗಳಿಗೆ 1000 ರೂಪಾಯಿ. 2006ರ ಏಪ್ರಿಲ್ ನಂತರ ರಾಜ್ಯ ಸೇವೆಗೆ ಸೇರಿದವರಿಗಂತೂ ಹೊಸ ಪೆನ್ಶನ್ ಪದ್ಧತಿಯಲ್ಲಿ ಇಂತಿಷ್ಟು ಬರುತ್ತದೆಂಬ ಖಾತರಿಯೇ ಇಲ್ಲ. 2025ರ ಸೆಪ್ಟೆಂಬರ 22ರಿಂದ ವೈಯಕ್ತಿಕ ಆರೋಗ್ಯ ವಿಮೆಯ ಮೇಲಿನ ನೂರಕ್ಕೆ 18ರ ತೆರಿಗೆಯನ್ನು ತೆಗೆದುಹಾಕಿದ್ದು ನಿಜ. ಅಷ್ಟು ವರ್ಷ ಮುದುಕರ ಕಾಯಿಲೆಯ ಮೇಲೆ ತೆರಿಗೆ ಎತ್ತಿದ್ದೇ ಒಂದು ನಾಚಿಕೆಗೇಡು.

ಇಷ್ಟೆಲ್ಲ ಆದ ಮೇಲೂ ಮುಖ್ಯ ಮಾತು ಉಳಿದಿದೆ. ಮುಪ್ಪಿನ ಖರ್ಚು ಇರುವುದು ಎಲ್ಲಿ? ಆಸ್ಪತ್ರೆಯ ಮಂಚದ ಮೇಲೆ ವರ್ಷಕ್ಕೊಮ್ಮೆಯೋ ಮೂರು ವರ್ಷಕ್ಕೊಮ್ಮೆಯೋ. ಗುಳಿಗೆಯ ಅಂಗಡಿಯಲ್ಲಿ ಪ್ರತಿ ತಿಂಗಳೂ. ಬೆಳಿಗ್ಗೆ ಎರಡು, ರಾತ್ರಿ ಎರಡು, ಮೂರು ತಿಂಗಳಿಗೊಮ್ಮೆ ರಕ್ತಪರೀಕ್ಷೆ, ಡಾಕ್ಟರ ಫೀ, ಗದಗಿಗೋ ಹುಬ್ಬಳ್ಳಿಗೋ ಬಸ್ಸಿನ ಛಾರ್ಜು, ಸಂಗಡ ಬಂದ ಮಗನ ಒಂದು ದಿನದ ಕೂಲಿ. ಆಯುಷ್ಮಾನ್ ಯೋಜನೆ ಆಸ್ಪತ್ರೆಗೆ ಸೇರುವ ಮೂರು ದಿನ ಮೊದಲಿನದನ್ನೂ ಬಿಟ್ಟ ಮೇಲಿನ ಹದಿನೈದು ದಿನದ್ದನ್ನೂ ಮಾತ್ರ ನೋಡುತ್ತದೆ. ಕಂಪನಿಗಳ ಮೇಲುವಿಮೆಯೂ ಮಂಚಕ್ಕೇ ಕಟ್ಟಿಕೊಂಡದ್ದು. ಹೊರರೋಗಿಯ ಔಷಧಕ್ಕೆ ಸರಕಾರದ ಕಾರ್ಡೂ ಕೈ ಚಾಚುವುದಿಲ್ಲ, ಕಂಪನಿಯ ಸಾಮಾನ್ಯ ಪಾಲಿಸಿಯೂ ಚಾಚುವುದಿಲ್ಲ. ಇದ್ದ ಒಂದು ಮಂಚಕ್ಕೆ ಇಬ್ಬರು ಕಾವಲು, ಗುಳಿಗೆಯ ಡಬ್ಬಿಗೆ ಯಾರೂ ಇಲ್ಲ! ದೇಶದ ಒಟ್ಟು ಆರೋಗ್ಯ ವೆಚ್ಚದಲ್ಲಿ ಜನರು ತಮ್ಮ ಜೇಬಿನಿಂದಲೇ ತೆತ್ತದ್ದು 2021-22ರಲ್ಲಿ ನೂರಕ್ಕೆ 39.4 ಎಂದು ಸರಕಾರದ ಲೆಕ್ಕಪತ್ರವೇ ಹೇಳುತ್ತದೆ.

ಈ ಮೇಲುವಿಮೆಯ ವ್ಯಾಪಾರ ಅಮೇರಿಕೆಯಲ್ಲಿ ಹಳೆಯದು. ಅಲ್ಲಿ 1965ರಲ್ಲಿ ಅಧ್ಯಕ್ಷ ಜಾನ್ಸನ್ನರು 65 ತುಂಬಿದವರಿಗೆಲ್ಲ ಮೆಡಿಕೇರ್ ಎಂಬ ಸರಕಾರಿ ವಿಮೆಯನ್ನು ತಂದರು. ಡಾಕ್ಟರರ ಸಂಘವು ಇದು ಸಮಾಜವಾದವೆಂದು ಬೊಬ್ಬೆ ಹಾಕಿತ್ತು, ಆದರೂ ಕಾಯಿದೆ ಆಯಿತು. ಆದರೆ ಡಾಕ್ಟರರ ಶುಲ್ಕದ ಐದರಲ್ಲೊಂದು ಪಾಲನ್ನು ರೋಗಿಯ ತಲೆಗೆ ಬಿಟ್ಟರು, ಅದಕ್ಕೆ ಮೇಲ್ಮಿತಿಯನ್ನೂ ಹಾಕಲಿಲ್ಲ. ಆ ಸಂದಿಯಲ್ಲಿ ಕಂಪನಿಗಳು ಅಂಗಡಿ ತೆರೆದವು. ಹೊರರೋಗಿಯ ಗುಳಿಗೆಗೆ ಆ ವಿಮೆಯ ರಕ್ಷಣೆ ಬರಲು 2006ರ ತನಕ ಕಾಯಬೇಕಾಯಿತು. ಆದರೂ ಒಂದು ಮಾತು ಒಪ್ಪಬೇಕು: ಬಂಡವಾಳಗಾರರ ಆ ದೇಶದಲ್ಲಿಯೂ ಕಂಪನಿಗಳಿಗೆ ಮೂಗುದಾರ ಹಾಕಿದ್ದಾರೆ. 1990ರ ಕಾಯಿದೆಯ ನಂತರ ಮೇಲುವಿಮೆಯ ಪಾಲಿಸಿಗಳಿಗೆ ಅಕ್ಷರದ ಗುರುತು ಕೊಟ್ಟರು. ಒಂದೇ ಅಕ್ಷರದ ಪಾಲಿಸಿಯಲ್ಲಿ ಸೌಲಭ್ಯ ಒಂದೇ, ಯಾವ ಕಂಪನಿಯಿಂದ ಕೊಂಡರೂ ಸರಿ. 65 ತುಂಬಿ ಡಾಕ್ಟರರ ವಿಭಾಗಕ್ಕೆ ಹೆಸರು ಹಚ್ಚಿದ ಆರು ತಿಂಗಳೊಳಗೆ ಅರ್ಜಿ ಹಾಕಿದವನಿಗೆ, ನಿನಗೆ ಏನು ಕಾಯಿಲೆ ಎಂದು ನೆಪ ತೆಗೆದು ಇಲ್ಲವೆನ್ನುವಂತಿಲ್ಲ. ಮೇಲುವಿಮೆ ಸರಕಾರಿ ವಿಮೆಗೆ ಹೊಂದಿಕೊಂಡೇ ಇರಬೇಕು, ಅದು ಬಿಟ್ಟ ಪಾಲನ್ನೇ ತುಂಬಬೇಕು. ನಮ್ಮಲ್ಲಿ ಇಂಥ ಜೋಡಣೆಯೇ ಇಲ್ಲ. ಎಲ್ಲ ಕಂಪನಿಗಳೂ ಒಂದೇ ಷರತ್ತಿನಲ್ಲಿ ಮಾರಲೇಬೇಕಾದ ಒಂದು ಪಾಲಿಸಿಯನ್ನು 2020ರಲ್ಲಿ ಮಾಡಿದರು ಹೌದು. ಅದಕ್ಕೆ ಇಟ್ಟ ಹೆಸರು ಆರೋಗ್ಯ ಸಂಜೀವನಿ! ರಾಜ್ಯದ ನೌಕರರ ಯೋಜನೆಯ ಹೆಸರೂ ಹೆಚ್ಚುಕಡಿಮೆ ಅದೇ. ಇದು ಸರಕಾರದ್ದೇ ಎಂದು ನಂಬಿ ಸಹಿ ಹಾಕುವ ಮುದುಕರಿಗೆ ಯಾರು ಹೊಣೆ?

ಇಂಗ್ಲಂಡದ ದಾರಿ ಬೇರೆ. 1948ರ ಜುಲೈ 5ರಂದು ಮಂತ್ರಿ ಬೆವನ್ನರು ಎಲ್ಲರಿಗೂ ಉಚಿತ ಚಿಕಿತ್ಸೆಯ ಏರ್ಪಾಡು ತಂದರು. ಮೂರು ವರ್ಷದಲ್ಲಿ ಅವರದೇ ಸರಕಾರ ಕಟ್ಟಿಸಿದ ಹಲ್ಲಿಗೂ ಚಾಳೀಸಿಗೂ ದರ ಹಾಕಲು ಹೊರಟಾಗ ಬೆವನ್ನರು ಮಂತ್ರಿಪದವಿಗೆ ರಾಜೀನಾಮೆ ಕೊಟ್ಟರು. ಒಂದು ಜೊತೆ ಚಾಳೀಸಿಗಾಗಿ ಮಂತ್ರಿಪದವಿ ಬಿಟ್ಟವರ ಹೆಸರು ನಮ್ಮ ವಿಧಾನಸೌಧದಲ್ಲಿ ಹುಡುಕಿರಿ. ಔಷಧ ಚೀಟಿಯ ಮೇಲೆ ಆಮೇಲೆ ದರ ಬಂತು, ಆದರೂ ಇಂದಿಗೂ ಅಲ್ಲಿ ಅರವತ್ತು ತುಂಬಿದವರ ಗುಳಿಗೆಗೆ ದುಡ್ಡಿಲ್ಲ. ಅರವತ್ತಕ್ಕೆ!

ಹಣ ಎಲ್ಲಿದೆ ಎಂದು ಕೇಳುವವರು ಇದ್ದೇ ಇದ್ದಾರೆ. ಪೆನ್ಶನ್ ಬರುವವರು ತಾವೇ ವಿಮೆ ಕೊಳ್ಳಲಿ, ಬಡವರಿಗೆ ಮಾತ್ರ ಸರಕಾರ ಕೊಡಲಿ ಎಂಬ ವಾದ ಮೇಲ್ನೋಟಕ್ಕೆ ಬಡವರ ಪರವಾಗಿಯೇ ಕಾಣುತ್ತದೆ. ಆದರೆ ಮಾಸ್ತರನನ್ನೂ ಗುಮಾಸ್ತನನ್ನೂ ಸರಕಾರಿ ದವಾಖಾನೆಯಿಂದ ಹೊರಗೆ ಹಾಕಿದರೆ, ಅಲ್ಲಿ ಔಷಧವಿಲ್ಲವೆಂದು ಅರ್ಜಿ ಬರೆಯುವ ಕೈಯೇ ಹೊರಗೆ ಹೋದಂತೆ. ಬಡವರಿಗಷ್ಟೇ ಎಂದು ಮಾಡಿದ ದವಾಖಾನೆ ಬಹು ಬೇಗ ಬಡ ದವಾಖಾನೆಯಾಗುತ್ತದೆ. ಕೊಡಲು ಶಕ್ತಿಯಿಲ್ಲವೆಂಬ ಕಾರಣಕ್ಕೆ ಯಾರೂ ಚಿಕಿತ್ಸೆಯಿಂದ ವಂಚಿತರಾಗಬಾರದೆಂದು 1946ರಷ್ಟು ಹಿಂದೆ ಭೋರ್ ಸಮಿತಿ ಹೇಳಿತು. ಮುಪ್ಪಿನಲ್ಲಿಯೂ ಕಾಯಿಲೆಯಲ್ಲಿಯೂ ಪ್ರಜೆಗೆ ನೆರವಾಗಬೇಕೆಂದು ಸಂವಿಧಾನದ 41ನೆಯ ವಿಧಿ ಹೇಳುತ್ತದೆ. 2017ರ ರಾಷ್ಟ್ರೀಯ ಆರೋಗ್ಯ ನೀತಿ 2025ರ ಹೊತ್ತಿಗೆ ರಾಷ್ಟ್ರೋತ್ಪನ್ನದ ನೂರಕ್ಕೆ ಎರಡೂವರೆಯಷ್ಟನ್ನು ಸರಕಾರಗಳು ಆರೋಗ್ಯಕ್ಕೆ ಖರ್ಚು ಮಾಡಬೇಕೆಂದಿತು. 2021-22ರಲ್ಲಿ ಅದು 1.84 ಇತ್ತು. ಹಣವಿಲ್ಲವೆನ್ನುವವರು ಈ ಅಂತರವನ್ನು ಮೊದಲು ತುಂಬಲಿ.

ಒಟ್ಟಾಗಿ ಕೊಂಡರೆ ಎಷ್ಟು ಅಗ್ಗವೆಂಬುದನ್ನು ಗದಗ ಜಿಲ್ಲೆಯವರಿಗೆ ಹೊರಗಿನವರು ಕಲಿಸಬೇಕಾಗಿಲ್ಲ. 1905ರಲ್ಲಿ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಸಹಕಾರಿ ಪತ್ತಿನ ಸಂಘ ಕಟ್ಟಿದ ನೆಲ ಇದು. 2003ರಲ್ಲಿ ಯಶಸ್ವಿನಿ ಆರಂಭವಾದಾಗ ಸಹಕಾರಿ ಸಂಘದ ಸದಸ್ಯ ಕಟ್ಟಿದ್ದು ವರ್ಷಕ್ಕೆ 60 ರೂಪಾಯಿ. 2018ರಲ್ಲಿ ಅದನ್ನು ನಿಲ್ಲಿಸಿದರು, ರೈತರ ಕೂಗು ಎದ್ದ ಮೇಲೆ ಮತ್ತೆ ತಂದರು, 2023ರ ಜನವರಿಯಿಂದ ಚಿಕಿತ್ಸೆ ಸಿಗತೊಡಗಿತು. ಹಳ್ಳಿಯ ನಾಲ್ಕು ಜನರ ಕುಟುಂಬಕ್ಕೆ ವರ್ಷಕ್ಕೆ 500 ರೂಪಾಯಿ ಎಂದು ಗೊತ್ತುಮಾಡಿದರು. ಕಂಪನಿ ಒಬ್ಬ ಮುದುಕನಿಂದ ಕೀಳುವ ಕಂತಿನ ಪಕ್ಕದಲ್ಲಿ ಈ ಅಂಕಿಯನ್ನು ಬರೆದು ನೋಡಿರಿ.

ಆದ್ದರಿಂದ ನಮ್ಮ ಬೇಡಿಕೆ ಇದು. ಸೇವೆಯಲ್ಲಿರುವವರ ಆರೋಗ್ಯ ಸಂಜೀವಿನಿಯಲ್ಲಿ ನಿವೃತ್ತರನ್ನೂ ಕುಟುಂಬ ಪೆನ್ಶನ್ ಪಡೆಯುವ ವಿಧವೆಯರನ್ನೂ ಪೆನ್ಶನ್ನಿಗೆ ತಕ್ಕ ವಂತಿಗೆಯ ಮೇಲೆ ಉಳಿಸಿಕೊಳ್ಳಬೇಕು. ವಯ ವಂದನೆಯ ವಯಸ್ಸನ್ನು ಅರವತ್ತಕ್ಕೆ ಇಳಿಸಬೇಕು. ಮನೆ ಬಾಗಿಲಿಗೆ ಬಂದು ರಕ್ತದೊತ್ತಡ, ಸಕ್ಕರೆ ನೋಡಿ ಗುಳಿಗೆ ಕೊಡುವುದಕ್ಕೆಂದು ರಾಜ್ಯ ಸರಕಾರ 2024ರಲ್ಲಿ ಕೋಲಾರ ಜಿಲ್ಲೆಯಿಂದ ಆರಂಭಿಸಿದ ಗೃಹ ಆರೋಗ್ಯ ಯೋಜನೆ ನಮ್ಮ ತಾಲೂಕಿನ ಪ್ರತಿ ಹಳ್ಳಿಯಲ್ಲಿ ತಿಂಗಳು ತಪ್ಪದೆ ನಡೆಯಬೇಕು. ಇದೊಂದು ನೆಟ್ಟಗೆ ನಡೆದರೆ ಏಜಂಟರ ಅರ್ಧ ಮಾತು ತಾನಾಗಿ ನಿಲ್ಲುತ್ತದೆ.

ಬೇಡಿಕೆ ಈಡೇರುವ ತನಕ ಕಾಯಿಲೆ ಕಾಯುವುದಿಲ್ಲವಷ್ಟೆ. ಆದ್ದರಿಂದ ಹಿರಿಯರಿಗೆ ಒಂದೆರಡು ಮಾತು. ನಲವತ್ತು ಐವತ್ತರಲ್ಲಿ ಕೊಂಡ ಹಳೆಯ ಪಾಲಿಸಿ ಇದ್ದರೆ ಸಿಟ್ಟಿನಲ್ಲಿ ಬಿಡಬೇಡಿರಿ. ಕಾಯುವ ಅವಧಿಯನ್ನು ನೀವು ಆಗಲೇ ಕಳೆದಿದ್ದೀರಿ, ಐದು ವರ್ಷ ಎಡೆಬಿಡದೆ ಕಟ್ಟಿದ ಮೇಲೆ, ಮೋಸ ಸಿದ್ಧವಾದರೆ ಹೊರತು, ಹಿಂದೆ ಕಾಯಿಲೆ ಮುಚ್ಚಿಟ್ಟೆಯೆಂದು ಕಂಪನಿ ತಕರಾರು ತೆಗೆಯುವಂತಿಲ್ಲ. ಕಂಪನಿ ಬದಲಿಸುವುದಿದ್ದರೂ ಕಳೆದ ಅವಧಿಯ ಲೆಕ್ಕವನ್ನು ಸಂಗಡ ಒಯ್ಯಬಹುದು. ಹೊಸದನ್ನು ಕೊಳ್ಳುವವರು ಏಜಂಟನ ಬಾಯಿಮಾತಿಗೆ ಸಹಿ ಹಾಕದೆ, ಯಾವ ಮೊತ್ತದ ಮೇಲಿಂದ ಕೊಡುತ್ತೀರಿ, ನನ್ನ ಪಾಲು ಎಷ್ಟು, ಕೋಣೆಯ ಮಿತಿ ಏನು, ನನ್ನ ಈ ಕಾಯಿಲೆಗೆ ಎಷ್ಟು ತಿಂಗಳು ಕಾಯಬೇಕು ಎಂಬ ನಾಲ್ಕನ್ನು ಕಾಗದದ ಮೇಲೆ ಬರೆಯಿಸಿಕೊಳ್ಳಿರಿ. ಇದ್ದ ಕಾಯಿಲೆಯನ್ನು ಮುಚ್ಚಿಡಿರಿ ಎಂದು ಏಜಂಟ ಕಿವಿಯಲ್ಲಿ ಉಸುರಿದರೆ ಅವನನ್ನು ಕಟ್ಟೆಯಿಂದ ಇಳಿಸಿಬಿಡಿರಿ. ಪಾಲಿಸಿ ಕೈಗೆ ಬಂದ 30 ದಿನದೊಳಗೆ ಒಪ್ಪಿಗೆಯಾಗದಿದ್ದರೆ ಹಿಂದಿರುಗಿಸುವ ಹಕ್ಕು ನಿಮಗಿದೆ. ಹಣ ಕೊಡದೆ ಸತಾಯಿಸಿದರೆ ಮೊದಲು ಕಂಪನಿಗೆ ಲಿಖಿತ ದೂರು, ಅಲ್ಲಿ ನ್ಯಾಯ ಸಿಗದಿದ್ದರೆ ಬೆಂಗಳೂರಿನ ವಿಮಾ ಒಂಬುಡ್ಸಮನ್ನರಿಗೆ. ಅಲ್ಲಿ ಶುಲ್ಕವಿಲ್ಲ, ವಕೀಲರೂ ಬೇಕಾಗಿಲ್ಲ. ಅರ್ಜಿ ಬರೆದುಕೊಡಲು ನಮ್ಮ ಕಾರ್ಯಾಲಯದಲ್ಲಿ ಜನರಿದ್ದಾರೆ. ಪಾಲಿಸಿಯ ಪುಸ್ತಕ, ಆಸ್ಪತ್ರೆಯ ಬಿಲ್ಲುಗಳು, ಕಂಪನಿಯ ಪತ್ರ, ಮೂರನ್ನೂ ತೆಗೆದುಕೊಂಡು ಬರತಕ್ಕದ್ದು.